ಗೆದ್ದ ಮೇಲಿನ ಜಗಳ

ಜಯನಗರ, ಬೆಂಗಳೂರು
ಭಾನುವಾರ

ಪ್ರೀತಿಯ ವೀಣಾ,

ಚಿಕ್ಕಪ್ಪನ ಆಶೀರ್ವಾದಗಳು. ಅತ್ತಿಗೆ ಈಗ ಗೋಡೆ ಹಿಡಿಯದೆ ಬಾಗಿಲ ತನಕ ನಡೆಯುತ್ತಾರೆ ಅಂತ ಕೇಳಿ ಜೀವಕ್ಕೆ ಸಮಾಧಾನವಾಯಿತು. ಆದರೆ ಮೊನ್ನೆ ಸತ್ಯನಾರಾಯಣ ಪೂಜೆಯ ದಿನ ನಿನಗೂ ನಿಮ್ಮಣ್ಣನಿಗೂ ಆದ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. "ಆಪರೇಷನ್ ಖರ್ಚೆಲ್ಲ ನಾನು ಕಳಿಸಿದ್ದಕ್ಕೆ ಅಮ್ಮ ಉಳಿದಳು" ಅಂತ ಅವನು. "ದುಡ್ಡು ಕಳಿಸಿಬಿಟ್ಟರೆ ಆಯ್ತಾ? ಎಂಟು ತಿಂಗಳು ನಿದ್ದೆಗೆಟ್ಟವಳು ನಾನು" ಅಂತ ನೀನು. ಎಲೆ ಮುಂದೆ ಕೂತಿದ್ದವರೆಲ್ಲ ತಲೆ ತಗ್ಗಿಸಿದರು.

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಇಂಥದ್ದೇ ಜಗಳ ದೊಡ್ಡ ದೊಡ್ಡ ದೇಶಗಳ ನಡುವೆಯೂ ಆಗಿದೆ. ಸ್ವಲ್ಪ ತಾಳ್ಮೆಯಿಂದ ಓದು.

ಎರಡನೇ ಮಹಾಯುದ್ಧದ ಕಾಲ. 1941ರ ಮಾರ್ಚಿನಲ್ಲಿ ಅಮೆರಿಕ ಲೆಂಡ್-ಲೀಸ್ ಕಾಯ್ದೆ ಮಾಡಿತು. ಹಿಟ್ಲರನ ವಿರುದ್ಧ ಹೋರಾಡುವ ದೇಶಗಳಿಗೆ, ಕೈಯಲ್ಲಿ ಕಾಸಿಲ್ಲದಿದ್ದರೂ, ಸಾಮಾನು ಕೊಡುವ ಕಾಯ್ದೆ ಅದು. ಅದೇ ಜೂನಿನಲ್ಲಿ ಜರ್ಮನಿ ರಷ್ಯಾದೊಳಗೆ, ಅಂದರೆ ಆಗಿನ ಸೋವಿಯತ್ ಒಕ್ಕೂಟದೊಳಗೆ, ನುಗ್ಗಿತು. ಯುದ್ಧ ಮುಗಿಯುವ ಹೊತ್ತಿಗೆ ರಷ್ಯಾಕ್ಕೆ ಹೋದ ಸಾಮಾನಿನ ಬೆಲೆ ಸುಮಾರು 1,100 ಕೋಟಿ ಡಾಲರ್. ಲಾರಿ ಮತ್ತು ಜೀಪುಗಳೇ 4 ಲಕ್ಷಕ್ಕಿಂತ ಜಾಸ್ತಿ. ಜೊತೆಗೆ ವಿಮಾನ, ರೈಲು ಎಂಜಿನ್, ಬೂಟು, ಡಬ್ಬಿಯಲ್ಲಿ ತುಂಬಿದ ಮಾಂಸ.

ಆ ಡಬ್ಬಿಗೆ ರಷ್ಯಾದ ಸೈನಿಕರು ಏನು ಹೆಸರಿಟ್ಟಿದ್ದರು ಗೊತ್ತಾ? "ಎರಡನೇ ರಣರಂಗ". ಪಶ್ಚಿಮದ ಕಡೆಯಿಂದ ನೀವೂ ಬಂದು ಇಳಿಯಿರಿ ಅಂತ ರಷ್ಯಾದ ನಾಯಕ ಸ್ಟಾಲಿನ್ 1941ರಿಂದಲೇ ಕೇಳುತ್ತಿದ್ದ. ಅಮೆರಿಕ, ಬ್ರಿಟನ್ನಿನವರು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದದ್ದು 1944ರ ಜೂನ್ 6ಕ್ಕೆ. ಅಲ್ಲಿಯ ತನಕ ಬಂದದ್ದು ಡಬ್ಬಿ. ಹಸಿದವನು ಅದನ್ನು ತೆರೆದು ತಿಂದ, ತಿನ್ನುತ್ತಲೇ ನೊಂದುಕೊಂಡ. ಬ್ಯಾಂಕಿನಿಂದ ಮೆಸೇಜ್ ಬಂದಾಗಲೆಲ್ಲ ನಿನಗೂ ಹಾಗೇ ಆಗಿರಬೇಕು, ಅಲ್ವಾ? ದುಡ್ಡು ಬಂತು, ಅಣ್ಣ ಬರಲಿಲ್ಲ.

ಕೊಟ್ಟವರಿಗೂ ನೋವಿತ್ತು. 1943ರ ಮಾರ್ಚಿನಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಅಡ್ಮಿರಲ್ ಸ್ಟ್ಯಾಂಡ್ಲಿ ಪತ್ರಕರ್ತರ ಮುಂದೆ ಅದನ್ನು ಹೇಳಿಯೇಬಿಟ್ಟರು. ನಾವು ಇಷ್ಟು ಕಳಿಸುತ್ತಿದ್ದೇವೆ, ಇಲ್ಲಿಯ ಜನಕ್ಕೆ ಆ ವಿಷಯವೇ ತಿಳಿಸುತ್ತಿಲ್ಲ ಅಂತ. ಮಾತು ಸುಳ್ಳಲ್ಲ. ಆದರೆ ಯಾವ ಹೊತ್ತು ನೋಡು: ರಷ್ಯಾದವರು ಲಕ್ಷಾಂತರ ಜನರನ್ನು ಕಳೆದುಕೊಂಡು ಜರ್ಮನರನ್ನು ಸೋಲಿಸಿದ ಸ್ಟಾಲಿನ್‌ಗ್ರಾಡ್ ಕದನ ಮುಗಿದು ಐದು ವಾರವಾಗಿತ್ತು ಅಷ್ಟೆ. ಸೂತಕದ ಮನೆಯಲ್ಲಿ ನಿಂತು ಲೆಕ್ಕ ಕೇಳಿದ ಹಾಗಾಯಿತು. ಆಮೇಲೆ ರಷ್ಯಾದ ಪತ್ರಿಕೆಗಳು ಸಹಾಯದ ಸುದ್ದಿ ಹಾಕಿದವು. ಆ ವರ್ಷದ ಕೊನೆಗೆ ಟೆಹ್ರಾನಿನಲ್ಲಿ ಮಿತ್ರದೇಶಗಳ ನಾಯಕರು ಸೇರಿದ್ದಾಗ, ಅಮೆರಿಕದ ಯಂತ್ರಗಳಿಲ್ಲದೆ ಯುದ್ಧ ಗೆಲ್ಲಲು ಆಗುತ್ತಿರಲಿಲ್ಲ ಅಂತ ಸ್ಟಾಲಿನ್ನೇ ಒಪ್ಪಿಕೊಂಡ. ಯುದ್ಧ ಮುಗಿದ ಮೇಲೆ ಮಾತು ತಿರುಗಿತು. ಬಂದದ್ದು ನಮ್ಮ ಉತ್ಪಾದನೆಯ ನೂರಕ್ಕೆ ನಾಲ್ಕು ಪಾಲು ಅಷ್ಟೆ ಅಂದರು ರಷ್ಯಾದವರು. ಬಿಲ್ಲಿನ ಚೌಕಾಸಿಯಂತೂ 1972ರ ತನಕ ಎಳೆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಸಾಮಾನಿನ ಬಹುಪಾಲು ಬಂದದ್ದು ಸ್ಟಾಲಿನ್‌ಗ್ರಾಡ್ ಆದ ಮೇಲೆ. ಜರ್ಮನರನ್ನು ತಡೆದು ನಿಲ್ಲಿಸಿದ್ದು ಹೆಚ್ಚಾಗಿ ರಷ್ಯಾದವರ ಎದೆಯೇ. ಅಲ್ಲಿಂದ ಬರ್ಲಿನ್ ತನಕ ಅಷ್ಟು ಬೇಗ ಅವರನ್ನು ಕರೆದೊಯ್ದದ್ದು ಅಮೆರಿಕದ ಲಾರಿ. ಸೋವಿಯತ್ ಕಡೆ ಸತ್ತವರು ಸುಮಾರು 2 ಕೋಟಿ 70 ಲಕ್ಷ, ಅಮೆರಿಕದವರು ಸುಮಾರು 4 ಲಕ್ಷ. ಇದನ್ನು ಡಾಲರಿನಲ್ಲಿ ಎಣಿಸುವುದು ಹೇಗೆ? ಲಾರಿಯನ್ನು ಹೆಣದಲ್ಲಿ ಎಣಿಸುವುದು ಹೇಗೆ? ಎರಡು ಬೇರೆ ಪುಸ್ತಕದ ಲೆಕ್ಕ, ಮಗಳೇ.

ನಮ್ಮೂರಿಗೂ ಇದರಲ್ಲಿ ಪಾಲಿದೆ. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ವಹಿಸಿಕೊಂಡಿತು. ಅವರ ವಿಮಾನಗಳು ಇಲ್ಲಿ ರಿಪೇರಿಯಾಗುತ್ತಿದ್ದವು. ಕ್ಯಾಟಲಿನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ನಿಮ್ಮಪ್ಪ ಆ ಕಾರ್ಖಾನೆ ಸೇರಿದಾಗ ಹಳೇ ಫಿಟ್ಟರ್‌ಗಳಿಂದ ಕೇಳಿ ಬಂದು ನನಗೆ ಹೇಳುತ್ತಿದ್ದ. ಎಣ್ಣೆ ಮೆತ್ತಿದ ಆ ಕೈಗಳ ಹೆಸರನ್ನು ಗೆದ್ದವರ ಯಾವ ಭಾಷಣದಲ್ಲೂ ನಾನು ಕೇಳಲಿಲ್ಲ.

ನಾನೂ ಅದೇ ತಪ್ಪು ಮಾಡಿದವನು. ನನ್ನ ಬಿ.ಎ., ಎಂ.ಎ. ಫೀಸು ಕಟ್ಟಿದ್ದು ನಿಮ್ಮಪ್ಪ, ಓವರ್‌ಟೈಮ್ ಮಾಡಿ. ನನ್ನ ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ಹತ್ತು ಜನರನ್ನು ನೆನೆದೆ. ರಾತ್ರಿಯೆಲ್ಲ ಕೂತು ಓದಿದವನು ನಾನಲ್ವಾ ಅನ್ನುವ ಹಮ್ಮು. ಅಣ್ಣನ ಹೆಸರು ಬಾಯಿಗೆ ಬರಲಿಲ್ಲ. ಅವನು ಮೂರನೇ ಸಾಲಿನಲ್ಲಿ ಕೂತಿದ್ದ. ಊಟ ಮಾಡಿ, ಚೆನ್ನಾಗಿತ್ತು ಕಣೋ ಅಂತ ಬೆನ್ನು ತಟ್ಟಿ ಹೋದ. ಮುಂದಿನ ವರ್ಷ ಅವನೇ ಇರಲಿಲ್ಲ.

ನಿನ್ನ ಎಂಟು ತಿಂಗಳನ್ನು ಯಾರೂ ಕಡಿಮೆ ಮಾಡುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಅಮ್ಮನ ಮಗ್ಗುಲು ತಿರುಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೇ ನಿಮ್ಮಣ್ಣನಿಗೂ ಬರೆದಿದ್ದೇನೆ, ಒಂದೂ ಬಿಡದೆ. ನಿನ್ನ ಹತ್ತಿರ ಕೇಳುವುದು ಒಂದೇ. ಅಡ್ವಾನ್ಸ್ ಕಟ್ಟದೆ ಆಪರೇಷನ್ ಇಲ್ಲ ಅಂದ ದಿನ ದುಡ್ಡು ಸರಿಯಾದ ಹೊತ್ತಿಗೆ ಬಂತು ಅನ್ನುವುದನ್ನು ಅವನ ಎದುರಿಗೆ, ನಿನ್ನ ಬಾಯಿಂದ ಹೇಳು. ಅವನು ಮೊದಲು ಹೇಳಲಿ ಅಂತ ಕಾಯಬೇಡ. ಬುಧವಾರ ರಾತ್ರಿ ಅವನ ಫ್ಲೈಟ್. ಮಧ್ಯಾಹ್ನ ನಾನು ಬರುತ್ತೇನೆ, ಮೂವರೂ ಅತ್ತಿಗೆ ಜೊತೆ ಊಟಕ್ಕೆ ಕೂರೋಣ.

ನಿನ್ನ ಚಿಕ್ಕಪ್ಪ