ಗುಂಪಿಗೆ ಸೂಚನೆ: ಈ ಭಾನುವಾರ ಪೋಡಿ (ಬಜ್ಜಿ) ಇಲ್ಲ, ಟೇಪು ಇದೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಚರ್ಚ್‌ನಲ್ಲಿ ಪೂಜೆ ಮುಗಿದ ಮೇಲೆ ಪೋಡಿ ಇರುವುದಿಲ್ಲ. ಬೇಯಿಸಿದ ಕಡಲೆ, ಪಪ್ಪಾಯಿ, ಸಕ್ಕರೆ ಹಾಕದ ಚಹಾ. ಬೈಯಬೇಡಿ!

ಹಾಲ್‌ನಲ್ಲಿ ಅಳತೆ ಟೇಪೂ ಇರುತ್ತದೆ. ಸೊಂಟದ ಸುತ್ತಳತೆ ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ. ಹೊಟ್ಟೆ ಒಳಗೆಳೆದು ನಿಲ್ಲಬೇಡಿ. ಮನೆಯಲ್ಲಿ ನಾನು ಹಾಗೇ ಮಾಡಿ ನಾಲ್ಕು ಸೆಂ.ಮೀ. ಕದ್ದೆ, ಹೆಂಡತಿ ನಕ್ಕಳು.

ದೇಹ ಪವಿತ್ರಾತ್ಮರ ಗುಡಿ ಅಂತ ಬೈಬಲಿನಲ್ಲಿ ಪೌಲರು ಕೊರಿಂಥದವರಿಗೆ ಬರೆದದ್ದನ್ನು ಕೇಳಿ ಬಂದು ಮೂರನೇ ಪೋಡಿಗೆ ಕೈ ಹಾಕುತ್ತೇವೆ, ಅಲ್ವಾ? ಅದೇ ಬೈಬಲಿನ ದಾನಿಯೇಲ ಹತ್ತು ದಿನ ಬರೀ ಕಾಯಿಪಲ್ಯ, ನೀರು ಸಾಕು ಅಂದ. ನಾವು ಹತ್ತು ದಿನ ಕರಿದದ್ದು ಬಿಡೋಣ. ಕ್ರಿಸ್‌ಮಸ್ ಕುಸ್ವಾರ್ (ಹಬ್ಬದ ಸಿಹಿತಿಂಡಿ) ಮುಟ್ಟಬೇಡಿ ಅನ್ನುವುದಿಲ್ಲ, ನೆವ್ರಿ (ಕರ್ಜಿಕಾಯಿ) ಒಂದು ಸಾಕು.

ಸೇರುವವರು ಇಲ್ಲೇ ಹೆಸರು ಹಾಕಿ. ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ.