ಹೈಫಾದಲ್ಲಿ ಮುತ್ಯಾ ಇರಲಿಲ್ಲ

ಚಿತ್ತಾಪುರ

ಪ್ರೀತಿಯ ತಮ್ಮಾ,

ನೀನು ಸೈನ್ಯದ ಅಗ್ನಿವೀರ್‌ಗೆ ಅರ್ಜಿ ಹಾಕಿದ್ದೀ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಅರ್ಧ ಹೆಮ್ಮೆ, ಅರ್ಧ ಅಳು. ಹೋಗಬೇಡ ಅನ್ನುವವನು ನಾನಲ್ಲ. ಆದರೆ ಬೆಳಗ್ಗೆ ಎದ್ದು ನಿನ್ನ ವಾಟ್ಸಾಪ್ ಸ್ಟೇಟಸ್ ನೋಡಿದೆ. ದಿಲ್ಲಿಯ ತೀನ್ ಮೂರ್ತಿ, ಆ ಮೂವರು ಸೈನಿಕರ ಪ್ರತಿಮೆಯ ಫೋಟೋ, ಕೆಳಗೆ 'ಹೈಫಾ ಗೆದ್ದ ವೀರನ ಮರಿಮೊಮ್ಮಗ'. ಅದನ್ನು ಮೊದಲು ತೆಗಿ.

ಮುತ್ಯಾ, ಅಂದರೆ ನನ್ನ ಅಜ್ಜ, ಹೈಫಾದಲ್ಲಿ ಇರಲಿಲ್ಲ. ಹೈಫಾ ಈಗಿನ ಇಸ್ರೇಲಿನ ಊರು, ಆಗ ತುರ್ಕರ ಕೈಯಲ್ಲಿತ್ತು. ಇದು ಅವನ ಬಾಯಿಂದಲೇ ಕೇಳಿದ್ದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಪರವಾಗಿ ಭರ್ಜಿ ಹಿಡಿದು ಆ ಊರಿಗೆ ನುಗ್ಗಿದವರು ಜೋಧಪುರದವರು ಮತ್ತು ಮೈಸೂರಿನವರು. ಎದುರಿಗೆ ಮಷೀನ್ ಗನ್, ತೋಪು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲೇ ತೀರಿಕೊಂಡರು. ಮುತ್ಯಾ ಇದ್ದ ನಿಜಾಮರ ಭರ್ಜಿ ಸವಾರರ ಪಡೆ, ಹೈದರಾಬಾದ್ ಲ್ಯಾನ್ಸರ್ಸ್ ಕೂಡ ಅದೇ ಬ್ರಿಗೇಡಿನವರು. ಅದಕ್ಕೇ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಹೈದರಾಬಾದಿನವ. ಆದರೆ ಆ ದಿನ ನಮ್ಮವರನ್ನು ಸೆರೆಸಿಕ್ಕ ತುರ್ಕರ ಕಾವಲಿಗೆ ಹಾಕಿದ್ದರು. "ಅವತ್ತು ನಾ ತುರ್ಕರಿಗೆ ನೀರು ಕುಡಸ್ಲಾಕತ್ತಿದ್ದೆ" ಅಂತ ಮುತ್ಯಾ ನಗುತ್ತಿದ್ದ. ಅದನ್ನು ಹೇಳಲು ಅವನಿಗೆ ಎಂದೂ ನಾಚಿಕೆ ಆಗಲಿಲ್ಲ. ನಿನಗ್ಯಾಕೆ ಆಗಬೇಕು?

ಅವನು ರಿಸಾಲೆಗೆ, ಅಂದರೆ ಕುದುರೆ ಸೈನ್ಯಕ್ಕೆ, ಸೇರಿದಾಗ ವಯಸ್ಸು ಹದಿನೆಂಟೋ ಹತ್ತೊಂಬತ್ತೋ. ಇದ್ದ ತುಂಡು ಹೊಲಕ್ಕೆ ಮೂವರು ಅಣ್ಣತಮ್ಮಂದಿರು. ಎತ್ತು ಬಿಟ್ಟರೆ ಬೇರೆ ಪ್ರಾಣಿ ಗೊತ್ತಿಲ್ಲ. ಇದೇ ಚಿತ್ತಾಪುರ ಸ್ಟೇಷನ್ನಿನಲ್ಲಿ ನಿಜಾಮರ ರೈಲು ಹತ್ತಿ ಹೈದರಾಬಾದಿಗೆ ಹೋದ. 1914ರಲ್ಲಿ ಯುದ್ಧ ಶುರುವಾಯಿತು, ಹಡಗು ಹತ್ತಿಸಿ ಈಜಿಪ್ಟಿಗೆ ಕಳಿಸಿದರು. ಸೂಯೆಜ್ ಕಾಲುವೆ ಕಾಯುವ ಕೆಲಸ. 1915ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆ ದಾಟಲು ನೋಡಿದರು, ಆಗಲಿಲ್ಲ. ಆಮೇಲೆ ವರ್ಷಗಟ್ಟಲೆ ಮರಳು.

ಮುತ್ಯಾ ಗುಂಡಿನ ಮಾತು ಆಡುತ್ತಿದ್ದದ್ದು ಕಡಿಮೆ. ಕುದುರೆಯ ಮಾತು ಮುಗಿಯುತ್ತಿರಲಿಲ್ಲ. ದಣಿದು ಬಂದ ಮೇಲೂ ಸವಾರ ಮೊದಲು ಕೂರುವಂತಿಲ್ಲ. ಇಳಿಯಬೇಕು, ಹೊಟ್ಟೆಪಟ್ಟಿ ಸಡಿಲಿಸಬೇಕು, ನೀರು ಕುಡಿಸಬೇಕು, ಆಮೇಲೆ ಬಾಯಿಗೆ ತೋಬರ, ಅಂದರೆ ಕಾಳಿನ ಚೀಲ, ಕಟ್ಟಬೇಕು. ಕಾಳು ಮೊದಲು, ನೀರು ಆಮೇಲೆ ಅಂದರೆ ಕುದುರೆ ಕೆಡುತ್ತದೆ. ಜೀನು ತೆಗೆದ ಮೇಲೆ ಬೆನ್ನಿನ ಮೇಲೆ ಅಂಗೈ ಇಟ್ಟು ನಿಧಾನಕ್ಕೆ ಸವರಿ ನೋಡುವುದು. ಎಲ್ಲಿ ಜಾಸ್ತಿ ಬಿಸಿ ಹತ್ತಿತೋ ಅಲ್ಲಿ ನಾಳೆ ಹುಣ್ಣು. ಬೆನ್ನು ಹುಣ್ಣಾದ ಕುದುರೆಯ ಸವಾರ ನಡೆದೇ ಹೋಗಬೇಕು. ಎಪ್ಪತ್ತು ದಾಟಿದ ಮೇಲೂ ಅವನ ಕೈಗೆ ಆ ರೂಢಿ ಇತ್ತು. ಸಂಜೆ ನೊಗ ಇಳಿಸಿದರೆ ಎತ್ತಿನ ಹೆಗಲ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾವು ಹುಡುಗರು ಏನೋ ಮಂತ್ರ ಹಾಕುತ್ತಾನೆ ಅಂದುಕೊಂಡಿದ್ದೆವು. ಟ್ರೇನಿಂಗಿನಲ್ಲಿ ಬೂಟು ಬಿಚ್ಚಿದಾಗ ನಿನ್ನ ಪಾದಕ್ಕೂ ಹಾಗೇ ಮಾಡು. ಸುಮ್ನೆ ಹೇಳುತ್ತಿಲ್ಲ.

1918ರ ಬೇಸಿಗೆಯಲ್ಲಿ ಅವರನ್ನು ಜೋರ್ಡಾನ್ ಕಣಿವೆಯಲ್ಲಿ ಇಟ್ಟಿದ್ದರು. ಸಮುದ್ರಮಟ್ಟಕ್ಕಿಂತ ಕೆಳಗಿನ ಜಾಗ ಅದು. ನಮ್ಮ ಕಲಬುರಗಿಯ ಮೇ ತಿಂಗಳು ಅದರ ಮುಂದೆ ತಂಪು ಅನ್ನುತ್ತಿದ್ದ. ಧೂಳು, ಸೊಳ್ಳೆ, ಚಳಿಜ್ವರ. ಗುಂಡಿಗಿಂತ ಜ್ವರಕ್ಕೇ ಅವರಿಗೆ ಭಯ.

ಅಲ್ಲಿ ಅವನು ಬದುಕಿದ. ಇಲ್ಲಿ, ಅದೇ ವರ್ಷ ಮಳೆ ಕೈಕೊಟ್ಟಿತು, ಹಿಂದೆಯೇ ಇನ್‌ಫ್ಲುಯೆಂಜಾ ಬಂತು. ದೇಶದಲ್ಲಿ ಕೋಟಿಗೂ ಮಿಕ್ಕಿ ಜನ ಸತ್ತರು. ನಮ್ಮ ಮನೆಯಲ್ಲಿ ಇಬ್ಬರು, ಅವನ ಅವ್ವ ಮತ್ತು ದೊಡ್ಡಣ್ಣ. ಮುತ್ಯಾನಿಗೆ ಓದು ಬರಹ ಇಲ್ಲ. ಅಲ್ಲಿನ ಮುನ್ಷಿ ಬರೆದುಕೊಡುವುದು ಉರ್ದುವಿನಲ್ಲಿ, ಇಲ್ಲಿ ಓದಿ ಹೇಳುವವರಿಲ್ಲ, ತಿರುಗಿ ಬರೆಯುವವರೂ ಇಲ್ಲ. ಸ್ಟೇಷನ್ನಿನಲ್ಲಿ ಇಳಿದಾಗ ಗುರುತಿನ ಹಮಾಲನೊಬ್ಬ ಸುದ್ದಿ ಹೇಳಿದನಂತೆ. ಅವ್ವನಿಗೆ ಅಂತ ತಂದ ಕಂಬಳಿ ಹೆಗಲ ಮೇಲೇ ಇತ್ತು. ಅಲ್ಲಿಗೆ ಬಂದರೆ ಮುತ್ಯಾ ಕಥೆ ನಿಲ್ಲಿಸಿಬಿಡುತ್ತಿದ್ದ, ಬೀಡಿ ಹುಡುಕುತ್ತಿದ್ದ.

ನಿನ್ನ ಕೈಯಲ್ಲಿ ಫೋನಿದೆ. ವಾರಕ್ಕೊಮ್ಮೆಯಾದರೂ ಅವ್ವನ ಜತೆ ಮಾತಾಡು. 'ಆರಾಮ ಇದ್ದೀನಿ' ಅಂತ ಎರಡು ಮಾತಿಗೆ ಮುಗಿಸಬೇಡ. ಅವಳು ಹೇಳುವುದನ್ನೂ ಕೇಳು.

ಇನ್ನು ಲೆಕ್ಕದ ಮಾತು. ನಾಲ್ಕು ವರ್ಷದ ನೌಕರಿ. ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದವರು ಸೇವಾನಿಧಿ, ಅಂದರೆ ಕೊನೆಗೆ ಒಟ್ಟಿಗೆ ಕೊಡುವ ದುಡ್ಡು, ಹಿಡಿದು ಊರಿಗೆ. ಸುಮಾರು 11.71 ಲಕ್ಷ, ಪಿಂಚಣಿ ಇಲ್ಲ. ನೀನು ಆ ಇಪ್ಪತ್ತೈದರಲ್ಲಿ ಒಬ್ಬ ಆಗು, ನನಗೂ ಅದೇ ಆಸೆ. ಆದರೆ ತಿರುಗಿ ಬರುವವನ ಹಾಗೆ ಮನೆ ಸರಿಮಾಡಿ ಹೋಗು. ಹೊಲದ ಪಹಣಿ ಯಾರ ಹೆಸರಲ್ಲಿದೆ ನೋಡಿಕೋ. ನೀನು ಇಲ್ಲದಾಗ ನಿಮ್ಮಪ್ಪ ತೊಗರಿ ಹೊಲವನ್ನು ಯಾರಿಗೂ ಬರೆದುಕೊಡದ ಹಾಗೆ ನೋಡಿಕೊಳ್ಳಲು ನಾನಿದ್ದೀನಿ.

ಕಾಗದಪತ್ರ ಜೋಪಾನ. ಈ ಮಾತು ಹೇಳಲು ನನಗೆ ಬಾಯಿಲ್ಲ, ಆದರೂ ಹೇಳುತ್ತೀನಿ. ಮುತ್ಯಾನಿಗೆ ಒಂದು ಬೆಳ್ಳಿ ಬಿಲ್ಲೆ ಕೊಟ್ಟಿದ್ದರು. ಒಂದು ಕಡೆ ಐದನೇ ಜಾರ್ಜ್ ತಲೆ. ಇನ್ನೊಂದು ಕಡೆ ಕುದುರೆ ಮೇಲೆ ಮೈಮೇಲೆ ಬಟ್ಟೆಯಿಲ್ಲದ ಸವಾರ, ಪಕ್ಕದಲ್ಲಿ 1914, 1918. "ನಮಗೆ ಬಟ್ಟೆನಾದ್ರೂ ಕೊಟ್ಟಿದ್ರು" ಅಂತ ಮುತ್ಯಾ ತಮಾಷೆ ಮಾಡುತ್ತಿದ್ದ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಅವನ ಹೆಸರು. 1980ರಲ್ಲಿ ಬೆಳ್ಳಿ ದರ ಏರಿದಾಗ ನಾನೇ ಅದನ್ನು ತೂಕಕ್ಕೆ ಮಾರಿದೆ. ಬೀಜಕ್ಕೆ ದುಡ್ಡು ಬೇಕಿತ್ತು. ಆ ವರ್ಷ ತೊಗರಿ ಚೆನ್ನಾಗೇ ಬಂತು, ಅದು ಬೇರೆ ಮಾತು. ಇವತ್ತು ಅವನು ಲ್ಯಾನ್ಸರ್ ಆಗಿದ್ದ ಅಂತ ತೋರಿಸಲು ಮನೆಯಲ್ಲಿ ಒಂದು ಚೂರೂ ಇಲ್ಲ, ನನ್ನ ನೆನಪು ಬಿಟ್ಟರೆ. ಅದಕ್ಕೇ ಆ ನೆನಪಿಗೆ ಇಲ್ಲದ್ದನ್ನು ಸೇರಿಸಬೇಡ ಅನ್ನುತ್ತಿದ್ದೀನಿ.

ರ್‍ಯಾಲಿಗೆ ಮುಂಚೆ ಒಂದು ದಿನ ಬಂದು ಹೋಗು. ನಿಮ್ಮ ದೊಡ್ಡವ್ವ ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಸಜ್ಜೆ ರೊಟ್ಟಿ ಕಟಕ ಮಾಡಿ ಕಟ್ಟಿಕೊಡುತ್ತಾಳಂತೆ. ಈ ಪತ್ರ ಮುಟ್ಟುವ ಹೊತ್ತಿಗೆ ಸ್ಟೇಟಸ್ ತಾನಾಗೇ ಹೋಗಿರುತ್ತದೆ ಅಂತ ನಿನ್ನ ತಂಗಿ ಹೇಳಿದಳು. ಇರಲಿ, ಮತ್ತೆ ಹಾಕಬೇಡ.

ನಿನ್ನ ದೊಡ್ಡಪ್ಪ