ಅಂಟಿ ಕೂತ ಆ್ಯಕ್ಷನ್ ಬಿಡಿಸುವ ಬಗ್ಗೆ, ಗೆಳೆಯನಿಗೊಂದು ಪತ್ರ

ಗಂಗಾವತಿ

ಗೆಳೆಯಾ,

ಬಳ್ಳಾರಿಯ ನಿನ್ನ ಅಂಗಡಿಗೆ ರಿಪೇರಿಗೆ ಬಂದ ಆ ಟಾರ್ಗೆಟ್ ರೈಫಲ್ಲಿನ ಫೋಟೋ ನೋಡಿದೆ. ಎರಡೂ ಸ್ಕ್ರೂ ಬಿಚ್ಚಿದರೂ ಆ್ಯಕ್ಷನ್, ಅಂದರೆ ಗುಂಡು ತಳ್ಳುವ ಬೋಲ್ಟ್ ಹಿಂದೆ ಮುಂದೆ ಓಡುವ ಉಕ್ಕಿನ ಮೈ, ಸ್ಟಾಕ್ ಎಂಬ ಕಟ್ಟಿಗೆಯ ಹಿಡಿಕೆಯಿಂದ ಮೇಲೇಳುತ್ತಿಲ್ಲ ಅಂದಿದ್ದೀಯ. ಬೆಡ್ಡಿಂಗ್ ಮಾಡುವಾಗ, ಅಂದರೆ ಆ್ಯಕ್ಷನ್ ಅಲುಗದೆ ಕೂರಲೆಂದು ಅದರಡಿಗೆ ಎಪಾಕ್ಸಿ ರಾಳ ತುಂಬುವಾಗ, ರಾಳ ಉಕ್ಕಿಗೇ ಅಂಟಿಬಿಟ್ಟಿದೆ. ಮೊದಲು ಒಂದು ಮಾತು: ಬ್ಯಾರಲ್ ಹಿಡಿದು ಮೀಟಬೇಡ. ಅಷ್ಟುದ್ದದ ಬ್ಯಾರಲ್ಲೇ ಸನ್ನೆಕೋಲಾಗಿ, ಅಂಟು ಬಿಡುವ ಮುಂಚೆಯೇ ಟ್ಯಾಂಗ್ (ಆ್ಯಕ್ಷನ್ನಿನ ಹಿಂಬದಿಯ ಬಾಲ) ಹಿಂದಿನ ಕಟ್ಟಿಗೆ ಸೀಳುತ್ತದೆ. ಗುಂಡು ಹಾರಿದಾಗಿನ ಒದೆತವನ್ನು ಸ್ಟಾಕಿಗೆ ದಾಟಿಸುವ ಉಕ್ಕಿನ ಗಟ್ಟಿ, ರಿಕಾಯ್ಲ್ ಲಗ್, ಕೂತಿರುವ ಗೂಡಿನ ಅಂಚೂ ಒಡೆಯುತ್ತದೆ.

ಗುಂಡು ಕೂರುವ ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡು. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಬೋಲ್ಟ್, ಸ್ಕೋಪ್, ಮ್ಯಾಗಜೀನ್ ತೆಗೆ. ಟ್ರಿಗರ್ ಕೆಳಗಿನಿಂದ ಕೈಗೆ ಸಿಕ್ಕರೆ ಅದನ್ನೂ ಬಿಚ್ಚು.

ಆಮೇಲೆ ಟಾರ್ಚ್ ಹಿಡಿದು ಸ್ಕ್ರೂ ತೂತು, ಟ್ರಿಗರ್ ಪಿನ್ ತೂತು, ಲಗ್ಗಿನ ಸುತ್ತಲಿನ ಸಂದಿ ಎಲ್ಲ ಹುಡುಕು. ಅವಸರಪಟ್ಟವರು ಸೋಲುವುದು ಇಲ್ಲಿಯೇ. ಅಂಟು ಉಕ್ಕಿ ತೂತಿನೊಳಗೆ ಹೋಗಿ ಗಟ್ಟಿಯಾಗಿದ್ದರೆ ಅದು ಅಂಟಲ್ಲ, ಬೀಗ. ಬಿಸಿ, ತಂಪು ಎರಡಕ್ಕೂ ಅದು ಜಗ್ಗುವುದಿಲ್ಲ. ಹಲ್ಲಿನ ಡಾಕ್ಟರ ಕೊಕ್ಕೆಯಂಥ ಕಡ್ಡಿಯಿಂದ ಕೆರೆದು, ಸಣ್ಣ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಅದನ್ನು ಖಾಲಿ ಮಾಡಲೇಬೇಕು. ಅಸಿಟೋನ್ ಸುರಿಯಬೇಡ. ಗಟ್ಟಿಯಾದ ಎಪಾಕ್ಸಿಯನ್ನು ಅದು ಕರಗಿಸುವುದಿಲ್ಲ, ಕಟ್ಟಿಗೆಯ ಪಾಲಿಶ್ ಮಾತ್ರ ಹಾಳಾಗುತ್ತದೆ.

ಕಟ್ಟಿಗೆಯ ಸ್ಟಾಕ್ ಆದ್ದರಿಂದ ತಂಪಿನಿಂದಲೇ ಶುರು ಮಾಡು. ಐಸ್‌ಕ್ರೀಂ ಅಂಗಡಿಯ ದೊಡ್ಡ ಫ್ರೀಜರ್ ಸಾಲದೇ ಅನ್ನುತ್ತೀಯ. ಲೈಸೆನ್ಸಿನ ರೈಫಲ್ ನಿನ್ನ ಕಣ್ಣಳತೆ ಬಿಟ್ಟು ಹೋಗಬಾರದು. ಮೂರು ಪಾಲು ಪುಡಿ ಐಸಿಗೆ ಒಂದು ಪಾಲು ಉಪ್ಪು ಕಲಸಿ, ಎರಡೆರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಆ್ಯಕ್ಷನ್ನಿನ ಮೇಲೆ, ಕೆಳಗೆ, ಪಕ್ಕಕ್ಕೆ ಹೊಂದಿಸಿ ಗೋಣಿತಾಟು ಸುತ್ತಿ ಮೂರು ಗಂಟೆ ಬಿಡು. ಉಪ್ಪುನೀರು ಒಂದು ಹನಿಯೂ ಉಕ್ಕಿಗೆ ತಾಗಕೂಡದು, ಚೀಲ ಎರಡು ಅಂದದ್ದು ಅದಕ್ಕೇ. ಲೆಕ್ಕ ನೋಡು: 200 ಮಿ.ಮೀ. ಉದ್ದದ ಉಕ್ಕು 40 ಡಿಗ್ರಿಯಿಂದ ಮೈನಸ್ 10ಕ್ಕೆ ಇಳಿದರೆ ಕುಗ್ಗುವುದು ಸುಮಾರು 0.12 ಮಿ.ಮೀ. ಬರೀ ಎಪಾಕ್ಸಿ ಅಷ್ಟೇ ಉದ್ದಕ್ಕೆ ಅದರ ನಾಲ್ಕೈದು ಪಟ್ಟು ಕುಗ್ಗಲು ಎಳೆಯುತ್ತದೆ. ತಂಪಿಗೆ ಅದು ಪೆಡಸೂ ಆಗುತ್ತದೆ. ಆ ಎಳೆತಕ್ಕೆ ಅಂಟಿನ ಪದರ ಬಿರಿಯುತ್ತದೆ.

ಎತ್ತುವುದಕ್ಕೆ ಸ್ಕ್ರೂಗಳದೇ ಥ್ರೆಡ್ಡಿನ ಎರಡು ಉದ್ದ ಸ್ಟಡ್ (ತಲೆಯಿಲ್ಲದ ಸ್ಕ್ರೂ ಸರಳು) ಮಾಡಿಕೋ. ಕೆಳಗಿನಿಂದ ಆ್ಯಕ್ಷನ್ನಿಗೆ ಪೂರ್ತಿ ತಿರುಗಿಸಿ, ತುದಿ ಸ್ಟಾಕಿನಿಂದ ಎರಡು ಬೆರಳಷ್ಟು ಹೊರಗಿರಲಿ. ರೈಫಲ್ ಬೋರಲು ಮಾಡಿ, ಆ್ಯಕ್ಷನ್ ಕೆಳಗೆ ಬೀಳಲು ಜಾಗ ಬಿಟ್ಟು, ಸ್ಟಾಕಿನ ಎರಡೂ ಅಂಚಿಗೆ ಮೆತ್ತನೆ ಆಸರೆ ಕೊಡು. ನೈಲಾನ್ ಸುತ್ತಿಗೆಯಿಂದ ಮುಂದಿನ ಸ್ಟಡ್ಡಿಗೊಂದು, ಹಿಂದಿನದಕ್ಕೊಂದು ಹಗುರ ಏಟು, ಸರದಿ ತಪ್ಪದೆ. ಲಗ್ ನೇರವಾಗಿಯೇ ಹೊರಬರಬೇಕು, ಓರೆಯಾದರೆ ಗೂಡಲ್ಲಿ ಕಚ್ಚಿಕೊಳ್ಳುತ್ತದೆ. ಒಣ ಕಡ್ಡಿ ಮುರಿದಂತೆ ಟಕ್ ಅಂದರೆ ಅಂಟು ಬಿಟ್ಟಿತು ಅಂತ. ಆ ಸದ್ದು ಒಂದೇ ತುದಿಯಲ್ಲಿ ಬಂದರೆ ಆ ತುದಿ ಬಿಟ್ಟು ಇನ್ನೊಂದಕ್ಕೆ ಹೋಗು.

ಇಷ್ಟಕ್ಕೂ ಬಗ್ಗದಿದ್ದರೆ ಬಿಸಿ, ಅದೂ ಒಳಗಿನಿಂದ. ಕೋಣೆಯ ತಾಪದಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 60ರಿಂದ 80 ಡಿಗ್ರಿಗೆ ಮೆತ್ತಗಾಗುತ್ತದೆ. ಬೋಲ್ಟ್ ಓಡುವ ದಾರಿಗಿಂತ ಅರ್ಧ ಮಿ.ಮೀ. ಸಣ್ಣದಾದ ಅಲ್ಯೂಮಿನಿಯಂ ಸರಳನ್ನು ಲೇತಿನಲ್ಲಿ ಮಾಡಿಸಿ, ತವೆಯ ಮೇಲೆ ಕಾಯಿಸಿ ಒಳಗಿಡು. ಐದು ನಿಮಿಷಕ್ಕೊಮ್ಮೆ ತೆಗೆದು ಮತ್ತೆ ಕಾಯಿಸು. ಮಲ್ಟಿಮೀಟರಿನ ತಾಪದ ವೈರನ್ನು ಆ್ಯಕ್ಷನ್ನಿಗೆ ಅಂಟಿಸಿಕೊಂಡು 90 ದಾಟದಂತೆ ನೋಡು. ಗ್ಯಾಸಿನ ಬೆಂಕಿ ಬೇಡವೇ ಬೇಡ: 180ರ ಆಸುಪಾಸಿನಲ್ಲಿ ಸೀಸದ ಬೆಸುಗೆ ಹಾಕಿದ, ಗುರಿ ನೋಡುವ ಸೈಟ್ ಕಳಚುತ್ತದೆ, ಇನ್ನೂ ಏರಿದರೆ ಉಕ್ಕಿನ ಹದವೇ ಕೆಡಬಹುದು. ಫೈಬರ್ ಸ್ಟಾಕ್ ಬಂದರೆ ಬಿಸಿಯ ಯೋಚನೆಯನ್ನೇ ಬಿಡು, ಅದರ ಮೈಯೂ ಅದೇ ಜಾತಿಯ ರಾಳ.

ಅಂದಹಾಗೆ, ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಗಾಜು ಏರಿಸಿದ ಕಾರಿನೊಳಗೆ ರೈಫಲ್ ಇಟ್ಟರೂ ಇಂಥ ಅಂಟು ಸಡಿಲಾಗಬಹುದು. ಗುರಿ ಸರಿದಿದೆ ಎಂದು ಯಾರಾದರೂ ತಂದರೆ ಇದನ್ನೂ ಕೇಳು.

ತಂಪಿನಿಂದ ಬಿಡಿಸಿದ್ದಾದರೆ ಕೂಡಲೇ ಉಕ್ಕಿನ ಮೇಲೆ ತೇವ ಬೆವರಿನಂತೆ ಕೂರುತ್ತದೆ. ಒರೆಸಿ ಎಣ್ಣೆ ಹಚ್ಚು. ಉಳಿದ ಅಂಟನ್ನು ಹಿತ್ತಾಳೆಯ ಚೂರಿನಿಂದ ಕೆರೆ, ಉಳಿ ತಾಗಿಸಬೇಡ.

ಮತ್ತೆ ಬೆಡ್ಡಿಂಗ್ ಮಾಡುವಾಗ ತೂತುಗಳಿಗೆಲ್ಲ ಮಕ್ಕಳಾಡುವ ಕ್ಲೇ ತುಂಬು. ಲಗ್ಗಿನ ಮುಂದೆ, ಪಕ್ಕ, ಕೆಳಗೆ ಟೇಪ್ ಹಚ್ಚು, ಹಿಂದಿನ ಮುಖಕ್ಕೆ ಮಾತ್ರ ಬೇಡ. ಬಣ್ಣವಿಲ್ಲದ ಮೇಣದ ಶೂ ಪಾಲಿಶನ್ನು ಇಡೀ ಆ್ಯಕ್ಷನ್ನಿಗೆ ಎರಡು ಸಲ, ಮೊದಲನೆಯದು ಒಣಗಿದ ಮೇಲೆ ಎರಡನೆಯದು. ರಾಳ ಕಲಸುವ ಮೊದಲು ಲಗ್ಗಿನದೊಂದು ಫೋಟೋ ಕಳಿಸು, ಮೇಣ ಎಲ್ಲಿ ತಪ್ಪಿದೆ ಅಂತ ನಾನೂ ನೋಡುತ್ತೇನೆ.

ಇಂತಿ,
ನಿನ್ನ ಗೆಳೆಯ